ದಿನವೂ ಧ್ಯಾನಕ್ಕೆ ಕುಳಿತರೂ ಮನಸ್ಸು ಓಡುತ್ತಲೇ ಇದೆ, ಸಿಟ್ಟೂ ಬರುತ್ತಿದೆ: ಹಾಗಾದರೆ ಪಳಗುತ್ತಿರುವುದು ಏನು?

ಪ್ರಶ್ನೆ
ಬರೆದವರು: ಗಣಿತದ ಮೇಷ್ಟ್ರು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಕಳೆದ ದಸರಾ ರಜೆಯಲ್ಲಿ ಹತ್ತು ದಿನಗಳ ವಿಪಶ್ಯನ ಶಿಬಿರಕ್ಕೆ ಹೋಗಿ ಬಂದೆ. ನಸುಕಿನ 4 ಗಂಟೆಗೆ ಎಬ್ಬಿಸುವ ಗಂಟೆ, ಯಾರೊಂದಿಗೂ ಮಾತನಾಡದೆ ಇರುವ ಆರ್ಯಮೌನ, ಮೊದಲ ಮೂರು ದಿನ ಮೂಗಿನ ಕೆಳಗೆ ಉಸಿರನ್ನಷ್ಟೇ ಗಮನಿಸುವ ಆನಾಪಾನ, ನಾಲ್ಕನೆಯ ದಿನದಿಂದ ಇಡೀ ಮೈಯ ಸಂವೇದನೆಗಳನ್ನು ಒಂದೊಂದಾಗಿ ನೋಡುತ್ತ ಹೋಗುವ ಅಭ್ಯಾಸ, ಇವೆಲ್ಲವನ್ನೂ ಶ್ರದ್ಧೆಯಿಂದಲೇ ಮಾಡಿದೆ. ಮನೆಗೆ ಮರಳಿದ ಮೇಲೂ ಬೆಳಿಗ್ಗೆ 5ಕ್ಕೆ ಎದ್ದು ಮುಕ್ಕಾಲು ಗಂಟೆ ಕೂರುವುದನ್ನು ಐದು ತಿಂಗಳಿಂದ ಹೆಚ್ಚುಕಡಿಮೆ ತಪ್ಪಿಸಿಲ್ಲ.

ಈಗ ನನ್ನನ್ನು ಎರಡು ಸಂದೇಹಗಳು ಕಾಡುತ್ತಿವೆ. ಕುಳಿತಾಗ ಮೂರು ಅಥವಾ ನಾಲ್ಕು ಉಸಿರಿನವರೆಗೆ ಗಮನ ನಿಲ್ಲುತ್ತದೆ. ಐದನೆಯದಕ್ಕೆ ನಾನು ಸ್ಟಾಫ್ ರೂಮಿನಲ್ಲಿರುತ್ತೇನೆ, ಇಲ್ಲವೇ ಮನೆ ಸಾಲದ ಕಂತಿನ ಲೆಕ್ಕದಲ್ಲಿರುತ್ತೇನೆ. ಮತ್ತೆ ಎಳೆದು ತಂದರೆ ಮತ್ತೆ ಓಡುತ್ತದೆ. ಧ್ಯಾನ ಆರಂಭಿಸುವ ಮೊದಲು ನನ್ನ ಮನಸ್ಸು ಇಷ್ಟು ಚಂಚಲವಾಗಿತ್ತೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಐದು ತಿಂಗಳಲ್ಲಿ ಮುಂದೆ ಹೋಗುವ ಬದಲು ಹಿಂದೆ ಬಂದಿದ್ದೇನೆಯೇ?

ಎರಡನೆಯದು ಇನ್ನೂ ನೋವಿನ ವಿಷಯ. ಕಳೆದ ವಾರ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ತಿದ್ದುತ್ತಿದ್ದೆ. ಒಂಬತ್ತನೆಯ ತರಗತಿಯಲ್ಲಿರುವ ಮಗಳು ನನಗಾಗಿಯೇ ಕಾಫಿ ತಂದು ಇಡುವಾಗ ಲೋಟ ವಾಲಿ ಏಳೆಂಟು ಪತ್ರಿಕೆಗಳ ಮೇಲೆ ಚೆಲ್ಲಿತು. ನಾನು ಕೂಗಿದ ಕೂಗಿಗೆ ಆ ಮಗು ಲೋಟವನ್ನು ಎತ್ತಿಕೊಳ್ಳಲೂ ಹೆದರಿ ನಿಂತಲ್ಲೇ ನಿಂತಿತು. ಅಂದು ಬೆಳಿಗ್ಗೆಯೇ ನಾನು ತುಂಬ ಚೆನ್ನಾಗಿ ಕುಳಿತಿದ್ದೆ. "ಐದು ತಿಂಗಳಿಂದ ಕಣ್ಣು ಮುಚ್ಚಿ ಕೂರುತ್ತಿದ್ದೀರಲ್ಲ, ಅದೆಲ್ಲ ಎಲ್ಲಿ ಹೋಯಿತು?" ಎಂದು ನನ್ನ ಹೆಂಡತಿ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಧ್ಯಾನವು ಗಮನವನ್ನು ಪಳಗಿಸುತ್ತದೆ ಎನ್ನುವಾಗ ನಿಜವಾಗಿ ಪಳಗುವುದು ಏನು? ಉಸಿರಿನ ಮೇಲೆ ಗಮನ ನಿಲ್ಲಿಸುವುದಕ್ಕೂ ಕಾಫಿ ಚೆಲ್ಲಿದಾಗ ಬರುವ ಸಿಟ್ಟಿಗೂ ಯಾವ ದಾರಿಯಲ್ಲಿ ಸಂಬಂಧ? ಸ್ವಂತ ಅನುಭವದಿಂದಾಗಲಿ ಅಧ್ಯಯನದಿಂದಾಗಲಿ ವಿವರವಾಗಿ ಹೇಳಿದರೆ ಉಪಕಾರವಾಗುತ್ತದೆ.


ಉತ್ತರ
ಬರೆದವರು: ತಂಬೂರಿ, ಧಾರವಾಡ

ಮೇಷ್ಟ್ರೇ, ನಮಸ್ಕಾರ. ನಾನು ಹದಿನೆಂಟು ವರ್ಷಗಳಿಂದ ಇದೇ ಪದ್ಧತಿಯಲ್ಲಿ ಕೂರುತ್ತಿದ್ದೇನೆ. ಹೊಟ್ಟೆಪಾಡಿಗೆ ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ. ನಿಮ್ಮ ಮೊದಲ ಸಂದೇಹಕ್ಕೆ ಆ ಕಸುಬಿನಿಂದಲೇ ಉತ್ತರ ಹೇಳುವುದು ನನಗೆ ಸುಲಭ.

ಬೆಳಗಿನ ಜಾವ ತಂಬೂರಿಯ ಮುಂದೆ ಕುಳಿತ ವಿದ್ಯಾರ್ಥಿಗೆ ಖರ್ಜದ ಸಾಧನೆ ಮಾಡಿಸುತ್ತೇವೆ. ಕೆಳಗಿನ ಷಡ್ಜವನ್ನು ಹಿಡಿದು ಉಸಿರು ಇರುವಷ್ಟು ಹೊತ್ತು ಅಲುಗಾಡದಂತೆ ನಿಲ್ಲಿಸಬೇಕು, ಅಷ್ಟೇ ಪಾಠ. ಕೆಲವು ಕ್ಷಣ ಸರಿಯಾಗಿರುತ್ತದೆ, ಆಮೇಲೆ ದನಿ ಕೂದಲೆಳೆಯಷ್ಟು ಇಳಿಯುತ್ತದೆ. ಹೊಸ ಹುಡುಗನಿಗೆ ಅದು ತಿಳಿಯುವುದೇ ಇಲ್ಲ. ನಾನು ಕೈ ಎತ್ತಿ ತೋರಿಸಬೇಕು. ಕೆಲವು ತಿಂಗಳು ಕಳೆದ ಮೇಲೆ ಅವನೇ ತಡೆದು, ತಂತಿಯ ನಾದದ ಕಡೆಗೆ ಕಿವಿ ಹೊರಳಿಸಿ, ಸ್ವರವನ್ನು ಮತ್ತೆ ಸೇರಿಸಿಕೊಳ್ಳುತ್ತಾನೆ. ಸರಿಯಾಗಿ ಇದೇ ಹಂತದಲ್ಲಿ ಹುಡುಗರು ಸಪ್ಪೆ ಮುಖ ಮಾಡಿಕೊಂಡು ಬಂದು, "ಸರ್, ಮೊದಲು ಚೆನ್ನಾಗಿ ಹಾಡುತ್ತಿದ್ದೆ, ಈಗ ಬರೀ ಬೇಸೂರು ಹೋಗುತ್ತಿದೆ" ಎನ್ನುತ್ತಾರೆ. ಬೇಸೂರು ಮೊದಲೂ ಇತ್ತು. ಅದನ್ನು ಕೇಳುವ ಕಿವಿ ಅವರಿಗೆ ಈಗ ಬಂದಿರುತ್ತದೆ. ನೀವು ಇರುವುದು ಅಲ್ಲಿ.

ಆನಾಪಾನದಲ್ಲಿ ಹೊಳ್ಳೆಗಳ ಕೆಳಗೆ, ಮೇಲ್ದುಟಿಯ ಮೇಲೆ, ಬೆರಳ ತುದಿಯಷ್ಟು ಜಾಗದಲ್ಲಿ ಗಮನ ಇಡಲು ಹೇಳುವುದರ ಉದ್ದೇಶವೂ ಇದೇ. ಜಾಗ ಚಿಕ್ಕದಾದಷ್ಟೂ, ಸಂವೇದನೆ ನವಿರಾದಷ್ಟೂ, ಗಮನ ಜಾರಿದ್ದು ಬೇಗ ತಿಳಿಯುತ್ತದೆ. ಮುಕ್ಕಾಲು ಗಂಟೆಯಲ್ಲಿ ಮನಸ್ಸು ಅರವತ್ತು ಸಲ ಓಡಿ, ಅರವತ್ತು ಸಲವೂ ನಿಮಗೆ ಅದು ತಿಳಿದು, ಅರವತ್ತು ಸಲವೂ ನೀವು ಮರಳಿ ಬಂದಿದ್ದರೆ, ಅಂದಿನ ಸಾಧನೆ ಅರವತ್ತು ಸಲ ಆಯಿತು. ನನ್ನ ಲೆಕ್ಕದಲ್ಲಿ ವ್ಯರ್ಥವಾದ ಬೆಳಗು ಯಾವುದೆಂದರೆ, ಒಮ್ಮೆ ಓಡಿದ ಮನಸ್ಸು ಓಡಿದೆಯೆಂಬುದೇ ತಿಳಿಯದೆ ಅರ್ಧ ಗಂಟೆ ಕಳೆದುಹೋದ ಬೆಳಗು. ಅಂಥವೂ ನನಗೆ ಈಗಲೂ ಇವೆ.

ಆದರೆ ನಿಮ್ಮ ಬರಹದಲ್ಲಿ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. "ಮತ್ತೆ ಎಳೆದು ತಂದರೆ" ಎಂದಿದ್ದೀರಿ. ಹೇಗೆ ಎಳೆದು ತರುತ್ತೀರಿ? ಅಭ್ಯಾಸ ಗಟ್ಟಿಯಾಗಲು ಪತಂಜಲಿ ಮೂರು ಷರತ್ತು ಹೇಳುತ್ತಾರೆ: ದೀರ್ಘಕಾಲ ನಡೆಯಬೇಕು, ನಡುವೆ ಕಡಿಯಬಾರದು, ಸತ್ಕಾರದಿಂದ ನಡೆಯಬೇಕು. ಮೊದಲ ಎರಡನ್ನು ಎಲ್ಲರೂ ನೆನಪಿಡುತ್ತಾರೆ. ಮೂರನೆಯದನ್ನು ನಾನು ಬಹಳ ವರ್ಷ ಮರೆತಿದ್ದೆ. ಮನಸ್ಸು ಓಡಿದ್ದು ತಿಳಿದ ಕೂಡಲೇ "ಥೂ, ಮತ್ತೆ ಹೋಯಿತಲ್ಲ" ಎಂದು ಸಿಡುಕಿ ಅದನ್ನು ದರದರನೆ ಎಳೆದು ತರುತ್ತಿದ್ದೆ. ಹೀಗೆ ಮಾಡಿದರೆ ಗಮನ ಮರಳಿ ಬರುತ್ತದೆ ನಿಜ, ಆದರೆ ದಿನಕ್ಕೆ ಅರವತ್ತು ಸಲ ನಾವು ಸಿಡುಕನ್ನೂ ಅಭ್ಯಾಸ ಮಾಡಿದಂತಾಗುತ್ತದೆ. ಉಸಿರಿಗೂ ಕಾಫಿಗೂ ಸಂಬಂಧವೇನು ಎಂದು ಕೇಳಿದಿರಲ್ಲ, ನನ್ನ ಅನುಭವದಲ್ಲಿ ಮೊದಲ ಸಂಬಂಧ ಇದೇ. ಅಂಗಳದಿಂದ ಬೀದಿಗಿಳಿದ ಮಗುವನ್ನು ಎತ್ತಿಕೊಂಡು ಬರುವ ಹಾಗೆ ತರಬೇಕು.

ಎರಡನೆಯ ಸಂಬಂಧ ಸಂವೇದನೆಯದು. ನಾಲ್ಕನೆಯ ದಿನದಿಂದ ಒಂದು ಗಂಟೆ ಕೈಕಾಲು ಅಲುಗಾಡಿಸದೆ ಅಧಿಷ್ಠಾನದಲ್ಲಿ ಕೂರಿಸಿದ್ದು ನಿಮಗೆ ನೆನಪಿರಬೇಕು. ನಲವತ್ತನೆಯ ನಿಮಿಷದಲ್ಲಿ ಮಂಡಿ ಉರಿಯತೊಡಗುತ್ತದೆ. ಆಗ ಹತ್ತಿರದಿಂದ ನೋಡಿದರೆ ನೋವು ಎನ್ನುವುದು ಒಂದೇ ಗಡ್ಡೆಯಲ್ಲ. ಬಿಸಿ ಬೇರೆ, ಮಿಡಿತ ಬೇರೆ, ಬಿಗಿತ ಬೇರೆ, ಒಂದೊಂದೂ ಏರುತ್ತ ಇಳಿಯುತ್ತ ಇರುತ್ತದೆ. ಇವುಗಳ ಜೊತೆಗೆ ಇನ್ನೊಂದು ಇದೆ: "ಇದು ಈಗಲೇ ಮುಗಿಯಬೇಕು" ಎನ್ನುವ ತಳಮಳ. ಮೊದಲನೆಯದು ಮಂಡಿಯದು, ಎರಡನೆಯದು ಮನಸ್ಸಿನದು ಎಂದು ಒಮ್ಮೆಯಾದರೂ ಬಿಡಿಬಿಡಿಯಾಗಿ ಕಂಡವರಿಗೆ ಉಪೇಕ್ಷೆ ಎಂಬ ಪದದ ಅರ್ಥ ಆಗುತ್ತದೆ. ಆಡುಮಾತಿನಲ್ಲಿ ಅದು ಕಡೆಗಣಿಸುವುದು ಎಂದಾಗಿದೆ; ಇಲ್ಲಿ ಅದರ ಅರ್ಥ ಪೂರ್ತಿಯಾಗಿ ನೋಡುತ್ತಿದ್ದೂ ಅತ್ತ ಇತ್ತ ವಾಲದೆ ಇರುವುದು.

ಸಿಟ್ಟೂ ಮೈಯಲ್ಲಿಯೇ ಮೊದಲು ಏಳುತ್ತದೆ. ಲೋಟ ವಾಲಿದ ಕ್ಷಣಕ್ಕೂ ನಿಮ್ಮ ಕೂಗಿಗೂ ನಡುವೆ ಕಿವಿ ಬಿಸಿಯಾಗಿರಬೇಕು, ದವಡೆ ಬಿಗಿದಿರಬೇಕು, ಎದೆಯ ಉಸಿರು ಮೇಲಕ್ಕೆ ಸಿಕ್ಕಿರಬೇಕು. ಅದು ಅಂದು ನಿಮಗೆ ಕಾಣಲಿಲ್ಲ. ಇಂದು ಕಣ್ಣು ಮುಚ್ಚಿ ಆ ಘಟನೆಯನ್ನು ನೆನೆದರೆ ಕಾಣಬಹುದು. ನನಗೆ ಕೂಗಿದ ಮೇಲೆ ಕಾಣುವುದರಿಂದ ಕೂಗುವಾಗ ಕಾಣುವವರೆಗೆ ಬರಲು ಸುಮಾರು ಎರಡು ವರ್ಷ ಹಿಡಿಯಿತು. ಕೂಗುವ ಮುನ್ನ ಕಾಣಲು ಅದಕ್ಕಿಂತ ಹೆಚ್ಚು.

ಇನ್ನೊಂದು ಮಾತು. ಈ ಪದ್ಧತಿಯನ್ನು 1969ರಲ್ಲಿ ಭಾರತಕ್ಕೆ ತಂದ ಗೋಯೆಂಕಾ ಅವರು ಬರ್ಮಾದಲ್ಲಿ ಸಯಾಜಿ ಊ ಬಾ ಖಿನ್ ಅವರ ಬಳಿಗೆ ಮೊದಲು ಹೋದದ್ದು ತಮ್ಮ ಮೈಗ್ರೇನ್ ತಲೆನೋವಿಗೆ ಪರಿಹಾರ ಹುಡುಕಿಕೊಂಡು. ತಲೆನೋವಿಗಷ್ಟೇ ಆದರೆ ಬೇಡ ಎಂದು ಗುರುಗಳು ಅವರನ್ನು ಒಪ್ಪಿಕೊಳ್ಳಲು ಮೊದಲು ಹಿಂಜರಿದರು. ಹಾಗೆಯೇ ನೀವೂ ಸಿಟ್ಟು ಕಡಿಮೆಯಾಯಿತೇ ಎಂದು ದಿನವೂ ಅಳೆಯುವುದನ್ನು ಕೆಲವು ತಿಂಗಳು ಬಿಟ್ಟು ನೋಡಿ.


ಉತ್ತರ
ಬರೆದವರು: ಶರೀರಶಾಸ್ತ್ರದ ಅಧ್ಯಾಪಕಿ, ಮೈಸೂರು

ತಂಬೂರಿಯವರು ಅನುಭವದಿಂದ ಹೇಳಿದ ಮಾತಿಗೆ ಪ್ರಯೋಗಾಲಯಗಳಲ್ಲಿ ಎಷ್ಟು ಆಧಾರವಿದೆ ಎಂಬುದನ್ನು ನಾನು ಹೇಳಬಯಸುತ್ತೇನೆ. ಆಧಾರ ಇದೆ, ಆದರೆ ಪತ್ರಿಕೆಗಳ ಆರೋಗ್ಯ ಪುರವಣಿಗಳು ಹೇಳುವಷ್ಟು ಇಲ್ಲ.

ಉಸಿರಿನಿಂದ ಮನಸ್ಸು ಜಾರಿ ಮರಳುವ ಚಕ್ರವನ್ನೇ ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಅಳೆದಿದ್ದಾರೆ. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 14 ಮಂದಿ ಧ್ಯಾನಾಭ್ಯಾಸಿಗಳು ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿ ಉಸಿರನ್ನು ಗಮನಿಸಿದರು. ಮನಸ್ಸು ಓಡಿದ್ದು ತಿಳಿದಾಗಲೆಲ್ಲ ಒಂದು ಗುಂಡಿ ಒತ್ತಿ ಮತ್ತೆ ಉಸಿರಿಗೆ ಮರಳಿದರು. ಗುಂಡಿ ಒತ್ತುವುದಕ್ಕೆ ಮೊದಲಿನ ಕೆಲವು ಸೆಕೆಂಡುಗಳಲ್ಲಿ, ಅಂದರೆ ಮನಸ್ಸು ತನ್ನ ಪಾಡಿಗೆ ತಾನು ಅಲೆಯುತ್ತಿದ್ದಾಗ, ನಮ್ಮ ಬಗ್ಗೆ ನಾವೇ ಯೋಚಿಸುವಾಗ ಚುರುಕಾಗುವ ಡೀಫಾಲ್ಟ್ ಮೋಡ್ ಎಂಬ ಜಾಲ ಸಕ್ರಿಯವಾಗಿತ್ತು. "ಅರೆ, ಓಡಿಬಿಟ್ಟೆ" ಎಂದು ತಿಳಿದ ಕ್ಷಣದಲ್ಲಿ ಮಹತ್ವದ್ದನ್ನು ಗುರುತಿಸುವ ಬೇರೊಂದು ಜಾಲ, ಗಮನವನ್ನು ಮರಳಿ ತಿರುಗಿಸುವಾಗ ಹಣೆಯ ಹಿಂದಿನ ಪ್ರೀಫ್ರಾಂಟಲ್ ಭಾಗ ಎಚ್ಚೆತ್ತವು. ಹೀಗೆ ತಿಳಿಯುವುದು ಬೇರೆ ಕೆಲಸ, ತಿರುಗಿಸುವುದು ಬೇರೆ ಕೆಲಸ, ನಿಲ್ಲಿಸುವುದು ಮತ್ತೂ ಬೇರೆ ಕೆಲಸ. ಮೇಷ್ಟ್ರು ಐದು ತಿಂಗಳಿಂದ ಮೂರನೆಯದನ್ನಷ್ಟೇ ಲೆಕ್ಕ ಹಿಡಿದು, ಮೊದಲ ಎರಡರಲ್ಲಿ ಆದ ಪ್ರಗತಿಯನ್ನು ಬಿಟ್ಟುಬಿಟ್ಟಿದ್ದಾರೆ ಎಂದು ನನಗೆ ತೋರುತ್ತದೆ.

ಗಣಿತದವರಿಗೆ ಇಷ್ಟವಾಗಬಹುದಾದ ಇನ್ನೊಂದು ಪ್ರಯೋಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪರದೆಯ ಮೇಲೆ ಅಕ್ಷರಗಳು ಒಂದರ ಹಿಂದೊಂದು ಬಹಳ ವೇಗವಾಗಿ ಮಿಂಚಿ ಮಾಯವಾಗುತ್ತವೆ. ಅವುಗಳ ನಡುವೆ ಎರಡು ಅಂಕಿಗಳು ಬರುತ್ತವೆ, ಅವನ್ನು ಗುರುತಿಸಿ ಹೇಳಬೇಕು. ಮೊದಲ ಅಂಕಿ ಬಂದು ಸುಮಾರು ಅರ್ಧ ಸೆಕೆಂಡಿನೊಳಗೆ ಎರಡನೆಯದು ಬಂದರೆ ಹೆಚ್ಚಿನವರಿಗೆ ಎರಡನೆಯದು ಕಾಣುವುದೇ ಇಲ್ಲ. ಕಣ್ಣು ತೆರೆದೇ ಇರುತ್ತದೆ, ಆದರೆ ಗಮನ ಇನ್ನೂ ಮೊದಲ ಅಂಕಿಯನ್ನೇ ಹಿಡಿದುಕೊಂಡಿರುತ್ತದೆ. ಇದನ್ನು ಗಮನದ ಮಿಟುಕು ಎನ್ನಬಹುದು. ಮೂರು ತಿಂಗಳು ದಿನಕ್ಕೆ ಹತ್ತರಿಂದ ಹನ್ನೆರಡು ಗಂಟೆ ವಿಪಶ್ಯನ ಮಾಡಿದ 17 ಮಂದಿಯನ್ನು ಶಿಬಿರಕ್ಕೆ ಮುಂಚೆ ಮತ್ತು ಆಮೇಲೆ ಪರೀಕ್ಷಿಸಿದಾಗ ಅವರ ಮಿಟುಕು ಕಡಿಮೆಯಾಗಿತ್ತು, ಎರಡನೆಯ ಅಂಕಿಯನ್ನು ಅವರು ಹೆಚ್ಚು ಸಲ ಹಿಡಿದರು. 2007ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಮಿದುಳಿನ ವಿದ್ಯುತ್ ಅಲೆಗಳನ್ನೂ ದಾಖಲಿಸಿದ್ದರು. ಮೊದಲ ಅಂಕಿಗೆ ಮಿದುಳು ವ್ಯಯಿಸುತ್ತಿದ್ದ ಶ್ರಮ ಯಾರಲ್ಲಿ ಹೆಚ್ಚು ಇಳಿದಿತ್ತೋ ಅವರಿಗೇ ಎರಡನೆಯದು ಹೆಚ್ಚು ಕಂಡಿತ್ತು.

ನನಗೆ ಇದು ಬಹಳ ಮುಖ್ಯವೆನ್ನಿಸುತ್ತದೆ. ಗಮನ ಪಳಗುವುದು ಎಂದರೆ ಬಿಗಿಯಾಗಿ ಹಿಡಿಯಲು ಕಲಿಯುವುದು ಎಂದು ನಾವು ಭಾವಿಸುತ್ತೇವೆ. ಇಲ್ಲಿ ಅಳತೆಗೆ ಸಿಕ್ಕಿದ್ದು, ಹಿಡಿದದ್ದನ್ನು ಕೆಲಸ ಮುಗಿದ ಕೂಡಲೇ ಬಿಡುವ ಶಕ್ತಿ. ಚೆಲ್ಲಿದ ಕಾಫಿ ಮೊದಲ ಅಂಕಿ ಎಂದುಕೊಳ್ಳಿ, ಹೆದರಿ ನಿಂತ ಮಗಳ ಮುಖ ಎರಡನೆಯದು. ಹೋಲಿಕೆ ನನ್ನದು, ಅಧ್ಯಯನದ್ದಲ್ಲ. ಆದರೂ ಮೇಷ್ಟ್ರ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ನನಗೆ ಹೊಳೆಯುತ್ತಿಲ್ಲ.

ಪ್ರತಿಕ್ರಿಯೆಯನ್ನು ತಡೆಹಿಡಿಯುವುದನ್ನು ನೇರವಾಗಿ ಅಳೆದದ್ದೂ ಉಂಟು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ನಡೆಸಿದ ಶಮಥ ಯೋಜನೆಯಲ್ಲಿ 60 ಮಂದಿಯನ್ನು ಎರಡು ತಂಡವಾಗಿಸಿ, ಒಂದನ್ನು ಮೊದಲು ಮೂರು ತಿಂಗಳ ಧ್ಯಾನವಾಸಕ್ಕೆ ಕಳಿಸಿ ಇನ್ನೊಂದನ್ನು ಕಾಯಿಸಿದರು. ಪರದೆಯ ಮೇಲೆ ಮತ್ತೆ ಮತ್ತೆ ಉದ್ದ ಗೆರೆ ಬರುತ್ತದೆ, ಪ್ರತಿ ಸಲ ಗುಂಡಿ ಒತ್ತಬೇಕು. ಅಪರೂಪಕ್ಕೆ ತುಸು ಗಿಡ್ಡ ಗೆರೆ ಬಂದಾಗ ಮಾತ್ರ ಒತ್ತಬಾರದು. ಅರ್ಧ ಗಂಟೆಯ ಈ ಬೇಸರದ ಕೆಲಸದಲ್ಲಿ ಬೆರಳು ತಾನಾಗಿ ಒತ್ತಿಬಿಡುತ್ತದೆ. ಧ್ಯಾನ ಮಾಡಿದವರು ಅದನ್ನು ಹೆಚ್ಚು ಚೆನ್ನಾಗಿ ತಡೆದರು. 2011ರಲ್ಲಿ ಬಂದ ವರದಿಯ ಪ್ರಕಾರ ಹೀಗೆ ತಡೆಯುವ ಶಕ್ತಿ ಹೆಚ್ಚಿದ್ದಕ್ಕೂ, ಅವರೇ ಹೇಳಿಕೊಂಡ ಭಾವನಾತ್ಮಕ ಕ್ಷೇಮ ಹೆಚ್ಚಿದ್ದಕ್ಕೂ ಸಂಬಂಧ ಕಂಡಿತು. ಇನ್ನು ಎಂಟು ವಾರಗಳ ಧ್ಯಾನ ತರಬೇತಿಯ ಬಳಿಕ, ಧ್ಯಾನ ಮಾಡದೆ ಸುಮ್ಮನೆ ಚಿತ್ರಗಳನ್ನು ನೋಡುತ್ತಿದ್ದಾಗಲೂ ಭಯ ಮತ್ತು ಉದ್ವೇಗಕ್ಕೆ ಸ್ಪಂದಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗದ ಪ್ರತಿಕ್ರಿಯೆ ತಗ್ಗಿದ್ದನ್ನು 2012ರ ಮತ್ತೊಂದು ಅಧ್ಯಯನ ತೋರಿಸಿತು. ಕುಳಿತಾಗ ಕಲಿತದ್ದು ಎದ್ದ ಮೇಲೂ ಸ್ವಲ್ಪ ಉಳಿಯುತ್ತದೆ ಎಂಬುದಕ್ಕೆ ಇದು ಸೂಚನೆ.

ಈಗ ಮಿತಿಗಳನ್ನು ಹೇಳದಿದ್ದರೆ ನಾನು ಪ್ರಾಮಾಣಿಕಳಾಗುವುದಿಲ್ಲ. ಮೇಲಿನವು ಸಣ್ಣ ತಂಡಗಳ ಮೇಲೆ ನಡೆದ ಅಧ್ಯಯನಗಳು, ಅವುಗಳಲ್ಲಿ ಎರಡು ಅಧ್ಯಯನಗಳಂತೂ ತಿಂಗಳುಗಟ್ಟಲೆ ಬೇರೆ ಕೆಲಸವಿಲ್ಲದೆ ಕುಳಿತವರ ಮೇಲಿನವು. 2014ರಲ್ಲಿ 47 ಪ್ರಯೋಗಗಳನ್ನು, ಒಟ್ಟು 3,515 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಆತಂಕ, ಖಿನ್ನತೆ ಮತ್ತು ನೋವಿನಲ್ಲಿ ಸಾಧಾರಣ ಪ್ರಮಾಣದ ಉಪಶಮನಕ್ಕೆ ಆಧಾರ ಸಿಕ್ಕಿತು. ಗಮನದ ವಿಷಯದಲ್ಲಿ ಸಾಕಷ್ಟು ಪುರಾವೆ ಸಿಗಲಿಲ್ಲ, ವ್ಯಾಯಾಮ ಅಥವಾ ಔಷಧಿಗಿಂತ ಧ್ಯಾನ ಮೇಲು ಎನ್ನುವುದಕ್ಕೂ ಸಿಗಲಿಲ್ಲ. ಎಂಟು ವಾರದಲ್ಲಿ ಮಿದುಳಿನ ರಚನೆಯೇ ಬದಲಾಗುತ್ತದೆ ಎಂಬ ಜನಪ್ರಿಯ ಮಾತನ್ನು 2022ರಲ್ಲಿ ವಿಸ್ಕಾನ್ಸಿನ್‌ನವರು ದೊಡ್ಡ ತಂಡದ ಮೇಲೆ ಎಚ್ಚರಿಕೆಯಿಂದ ಪರೀಕ್ಷಿಸಿದಾಗ ಅಂಥ ಬದಲಾವಣೆ ಕಾಣಲಿಲ್ಲ. ನಮ್ಮ ನಿಮ್ಹಾನ್ಸ್‌ನಲ್ಲಿಯೂ ಬಹಳ ವರ್ಷಗಳಿಂದ ವಿಪಶ್ಯನ ಸಾಧಕರ ನಿದ್ರೆಯ ಮೇಲೆ ಕೆಲಸ ನಡೆದಿದೆ. ವಯಸ್ಸಾದಂತೆ ಕುಗ್ಗುವ ಗಾಢ ನಿದ್ರೆಯ ಹಂತ ದೀರ್ಘಕಾಲದ ಸಾಧಕರಲ್ಲಿ ಹೆಚ್ಚು ಉಳಿದಿರುವುದನ್ನು ಅಲ್ಲಿಯವರು ಕಂಡಿದ್ದಾರೆ. ದೀರ್ಘಕಾಲ ಎಂಬ ಪದವನ್ನು ಇಲ್ಲಿಯೂ ಗಮನಿಸಬೇಕು.


ಉತ್ತರ
ಬರೆದವರು: ಆಪ್ತಸಮಾಲೋಚಕಿ, ಬೆಂಗಳೂರು

ಇಬ್ಬರೂ ಹೇಳಿದ್ದನ್ನು ಓದಿದೆ. ಮೇಷ್ಟ್ರನ್ನು ನಾನು ಮೊದಲು ಕೇಳಬೇಕೆಂದಿರುವುದು ಇದು: ಬೆಳಿಗ್ಗೆ 5ಕ್ಕೆ ಏಳುತ್ತೀರಿ, ಸರಿ, ಮಲಗುವುದು ಎಷ್ಟು ಹೊತ್ತಿಗೆ? ಪರೀಕ್ಷೆಯ ದಿನಗಳಲ್ಲಿ ಹನ್ನೊಂದೂವರೆಯವರೆಗೆ ಪತ್ರಿಕೆ ತಿದ್ದಿ, ಐದೂವರೆ ಗಂಟೆ ನಿದ್ದೆ ಮಾಡಿ, ಆಮೇಲೆ ಗಮನ ನಿಲ್ಲುತ್ತಿಲ್ಲ, ಸಿಟ್ಟು ತಡೆಯುತ್ತಿಲ್ಲ ಎಂದರೆ ಧ್ಯಾನದಲ್ಲಿ ದೋಷ ಹುಡುಕುವ ಮೊದಲು ನಿದ್ದೆಯಲ್ಲಿ ಹುಡುಕಬೇಕು. ನಿದ್ದೆಗೆಟ್ಟವರಲ್ಲಿ ಮೊದಲು ಕುಸಿಯುವುದು ಇವೆರಡೇ. ಧ್ಯಾನಕ್ಕಾಗಿ ನಿದ್ದೆಯನ್ನು ಕತ್ತರಿಸುವವರನ್ನು ನಾನು ಬಹಳ ನೋಡುತ್ತೇನೆ. ಅಂಥ ವಾರಗಳಲ್ಲಿ ಮುಕ್ಕಾಲು ಗಂಟೆಯ ಬದಲು ಇಪ್ಪತ್ತು ನಿಮಿಷ ಕುಳಿತು, ಉಳಿದ ಹೊತ್ತು ಮಲಗಿದರೆ ಸಾಧನೆಗೆ ಯಾವ ಕುಂದೂ ಬರುವುದಿಲ್ಲ.

ತಂಬೂರಿಯವರ ಮಾತಿನಲ್ಲಿ ಒಂದು ಕಡೆ ನನ್ನ ಭಿನ್ನಾಭಿಪ್ರಾಯವಿದೆ. ಮಂಡಿಯ ನೋವನ್ನು ಅಲುಗಾಡದೆ ನೋಡುವ ಅಭ್ಯಾಸ ಅವರಿಗೆ ಒದಗಿಬಂದಿದೆ, ಅದನ್ನು ಗೌರವಿಸುತ್ತೇನೆ. ಆದರೆ ಎಲ್ಲರಿಗೂ ಅದು ಹಾಗೆ ಒದಗುವುದಿಲ್ಲ. ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರು, ಗಾಬರಿಯ ತೊಂದರೆ ಇರುವವರು ಬಹಳ ಹೊತ್ತು ಕಣ್ಣು ಮುಚ್ಚಿ ಎದೆಯ ಬಡಿತವನ್ನೇ ನೋಡುತ್ತ ಕುಳಿತಾಗ ಆ ಬಡಿತವೇ ಅವರನ್ನು ನುಂಗಲು ಬರಬಹುದು. ಮೌನ ಶಿಬಿರವೊಂದರ ಆರನೆಯ ದಿನದಿಂದ ನಿದ್ದೆ ಪೂರ್ತಿ ಹೋಗಿ, ಮನೆಗೆ ಮರಳಿ ಮೂರು ವಾರವಾದರೂ ಲಿಫ್ಟ್ ಹತ್ತಲಾಗದೆ ನನ್ನ ಬಳಿ ಬಂದವರಿದ್ದಾರೆ. ಅರ್ಜಿ ತುಂಬುವಾಗ ಮಾನಸಿಕ ಕಾಯಿಲೆಯ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸಿ ಎಂದು ನಾನು ಎಲ್ಲರನ್ನೂ ಬೇಡಿಕೊಳ್ಳುವುದು ಇದಕ್ಕೇ. ಇಂಥವರಿಗೆ ಕಣ್ಣು ತೆರೆದು ನಡೆಯುತ್ತ ಅಂಗಾಲಿನ ಸ್ಪರ್ಶವನ್ನು ಗಮನಿಸುವುದು, ಹೊರಗಿನ ಶಬ್ದಗಳನ್ನು ಕೇಳುತ್ತ ಕೂರುವುದು ಹೆಚ್ಚು ಸುರಕ್ಷಿತ. ಗಮನ ಅಲ್ಲಿಯೂ ಪಳಗುತ್ತದೆ.

ಮಾತ್ರೆಗಳ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈ ಚರ್ಚೆಯನ್ನು ಖಿನ್ನತೆ ಇರುವವರೂ ಓದುತ್ತಿರಬಹುದು. ಮತ್ತೆ ಮತ್ತೆ ಖಿನ್ನತೆಗೆ ಒಳಗಾದವರಿಗಾಗಿ ರೂಪಿಸಿದ ಎಂಟು ವಾರದ ಧ್ಯಾನಾಧಾರಿತ ಚಿಕಿತ್ಸೆಯೊಂದಿದೆ. ಬ್ರಿಟನ್ನಿನಲ್ಲಿ 424 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆ ಚಿಕಿತ್ಸೆ ಪಡೆದು ವೈದ್ಯರ ನೆರವಿನಿಂದ ನಿಧಾನವಾಗಿ ಮಾತ್ರೆ ಇಳಿಸಿದವರಲ್ಲಿ ಎರಡು ವರ್ಷದೊಳಗೆ 44% ಮಂದಿಗೆ, ಮಾತ್ರೆ ಮುಂದುವರಿಸಿದವರಲ್ಲಿ 47% ಮಂದಿಗೆ ಖಿನ್ನತೆ ಮರುಕಳಿಸಿತು. ಎರಡೂ ಹೆಚ್ಚುಕಡಿಮೆ ಸಮ ಎಂದಷ್ಟೇ ಇದರಿಂದ ಹೇಳಬಹುದು. ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟು ಧ್ಯಾನಕ್ಕೆ ಕೂರುವುದಕ್ಕೆ ಇದರಲ್ಲಿ ಯಾವ ಸಮರ್ಥನೆಯೂ ಇಲ್ಲ.

ಮೇಷ್ಟ್ರೇ, ನಿಮ್ಮ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಬೆಳಗಿನ ಅಭ್ಯಾಸಕ್ಕೂ ಸಂಜೆಯ ಊಟದ ಮೇಜಿಗೂ ನಡುವೆ ಹದಿನಾಲ್ಕು ಗಂಟೆಯ ಅಂತರವಿದೆ, ಆ ಅಂತರದಲ್ಲಿ ನೀವು ಒಮ್ಮೆಯೂ ನಿಮ್ಮನ್ನು ನೋಡಿಕೊಂಡಿರುವುದಿಲ್ಲ. ತರಗತಿಯ ಗಂಟೆ ಬಾರಿಸಿದಾಗ, ಬಾಗಿಲ ಚಿಲಕ ಮುಟ್ಟಿದಾಗ, ಹೊಸ ಪತ್ರಿಕೆ ತೆರೆಯುವಾಗ ಎರಡು ಉಸಿರು ಗಮನಿಸಿ ಮುಂದೆ ಹೋಗಿ. ಒಳಗೆ ಏನಾದರೂ ಎದ್ದರೆ ಅದಕ್ಕೆ ಹೆಸರಿಡಿ: ಇದು ಸಿಟ್ಟು, ಇದು ದಣಿವು, ಇದು ನಾಳೆ ಮುಖ್ಯೋಪಾಧ್ಯಾಯರಿಗೆ ಏನು ಹೇಳಲಿ ಎಂಬ ಭಯ. ಕಾಫಿಯ ಸಂಜೆ ನಿಮಗೆ ಬಂದದ್ದು ಮೂರನೆಯದು ಎಂದು ನನ್ನ ಊಹೆ. ಸಿಟ್ಟಿನ ಕೆಳಗೆ ಇರುವುದನ್ನು ಸರಿಯಾದ ಹೆಸರಿನಿಂದ ಗುರುತಿಸಿದಾಗ ಅದರ ಬಿಸಿ ತುಸು ಇಳಿಯುತ್ತದೆ. ನುಂಗಿಕೊಳ್ಳುವುದು ಮಾತ್ರ ಬೇಡ. ಮುಖ ಶಾಂತವಾಗಿದ್ದು ಒಳಗೆ ಕುದಿಯುವುದನ್ನು ಸಮಚಿತ್ತ ಎಂದು ತಿಳಿದು ವರ್ಷಗಟ್ಟಲೆ ಬಳಲಿದವರನ್ನು ನಾನು ಕಂಡಿದ್ದೇನೆ.

ಮಗಳ ಬಳಿ ಕ್ಷಮೆ ಕೇಳಿದಿರಾ? ಬರೆದಿಲ್ಲವಾದ್ದರಿಂದ ಕೇಳುತ್ತಿದ್ದೇನೆ.


ಉತ್ತರ
ಬರೆದವರು: ತಂಬೂರಿ, ಧಾರವಾಡ

ಸಮಾಲೋಚಕಿಯವರ ಮಾತನ್ನು ಒಪ್ಪುತ್ತೇನೆ. ಮಂಡಿಯ ಮಾತನ್ನು ಎಲ್ಲರಿಗೂ ಅನ್ವಯಿಸುವಂತೆ ಬರೆದದ್ದು ನನ್ನ ತಪ್ಪು. ನೋವು ಮಿತಿ ಮೀರಿದರೆ ಕಾಲು ಸರಿಸುವುದರಲ್ಲಿ ಸೋಲೇನೂ ಇಲ್ಲ. ಸರಿಸುವ ಮೊದಲು ಸರಿಸಬೇಕೆನ್ನುವ ಆಸೆಯನ್ನು ಒಂದು ಉಸಿರಿನಷ್ಟು ಹೊತ್ತು ನೋಡಿದರೆ ಸಾಕು. ಶಿಬಿರದ ಕೊನೆಯಲ್ಲಿ ಕಲಿಸುವ ಮೈತ್ರಿಯ ಅಭ್ಯಾಸವನ್ನು ಮನೆಯಲ್ಲಿ ಬಹುತೇಕರು ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಏಳುವ ಮೊದಲು ಐದು ನಿಮಿಷ ಮನೆಯವರ ಒಬ್ಬೊಬ್ಬರ ಮುಖವನ್ನೂ ನೆನೆದು ಅವರಿಗೆ ಒಳಿತಾಗಲಿ ಎಂದುಕೊಳ್ಳಿ.


ಪ್ರಶ್ನೆ ಕೇಳಿದವರ ಮರುಬರಹ
ಬರೆದವರು: ಗಣಿತದ ಮೇಷ್ಟ್ರು, ಶಿವಮೊಗ್ಗ

ಮೂವರಿಗೂ ಮನಸಾರೆ ಕೃತಜ್ಞತೆಗಳು. ಉತ್ತರಿಸಲು ಮೂರು ವಾರ ಕಾದದ್ದು, ಹೇಳಿದ್ದನ್ನು ಮಾಡಿ ನೋಡಿ ಬರೆಯೋಣವೆಂದು.

ಮೇಡಂ, ನಿದ್ದೆಯ ಬಗ್ಗೆ ನಿಮ್ಮ ಅಂದಾಜು ಸರಿಯಾಗಿತ್ತು. ಆ ಹದಿನೈದು ದಿನ ನಾನು ಹನ್ನೆರಡಕ್ಕೆ ಮೊದಲು ಮಲಗಿರಲಿಲ್ಲ. ಭಯದ ವಿಷಯದಲ್ಲಿಯೂ ನಿಮ್ಮ ಊಹೆ ನಿಜ. ಪತ್ರಿಕೆಗಳ ಮೇಲೆ ಕಾಫಿಯ ಕಲೆ ಕಂಡಾಗ ಮೊದಲು ಬಂದ ಯೋಚನೆ, ಮಕ್ಕಳ ತಂದೆತಾಯಂದಿರು ನೋಡಿದರೆ ಏನೆಂದಾರು ಎಂಬುದೇ. ಮಗಳ ಬಳಿ ಅಂದೇ ರಾತ್ರಿ ಕ್ಷಮೆ ಕೇಳಿದ್ದೆ, ಆದರೆ ಅರೆಮನಸ್ಸಿನಿಂದ, ನೀನೂ ನೋಡಿ ಇಡಬೇಕಿತ್ತು ಎಂದು ಸೇರಿಸಿದ್ದೆ. ನಿಮ್ಮ ಪ್ರಶ್ನೆ ಓದಿದ ಮೇಲೆ ಮತ್ತೊಮ್ಮೆ, ಏನನ್ನೂ ಸೇರಿಸದೆ ಕೇಳಿದೆ.

ಬೆಳಿಗ್ಗೆ ಈಗ ಅರ್ಧ ಗಂಟೆ ಕೂರುತ್ತೇನೆ. ಮನಸ್ಸು ಓಡಿದ್ದು ತಿಳಿದಾಗ ಸಿಡುಕದೆ ಮರಳುವುದು ಹೇಳಿದಷ್ಟು ಸುಲಭವಲ್ಲ ಎಂದು ಕಂಡಿತು. ಸಿಡುಕು ಎಷ್ಟು ಬೇಗ ಬರುತ್ತದೆಯೆಂದರೆ, ಓಡಿದ್ದು ತಿಳಿಯುವುದೂ ಸಿಡುಕುವುದೂ ಒಂದೇ ಎಂದು ನಾನು ಇಲ್ಲಿಯವರೆಗೆ ತಿಳಿದಿದ್ದೆ. ಅವೆರಡರ ನಡುವೆ ಒಂದು ಸಂದು ಇದೆಯೆಂದು ಕಳೆದ ವಾರ ಎರಡು ಮೂರು ಸಲ ಕಂಡಿತು.

ಮೊನ್ನೆ ಸಂಜೆ ಮಗಳಿಗೆ ಬೀಜಗಣಿತ ಹೇಳಿಕೊಡುತ್ತಿದ್ದೆ. ಆವರಣದ ಹೊರಗೆ ಋಣ ಚಿಹ್ನೆ ಇದ್ದರೆ ಒಳಗಿನ ಎಲ್ಲ ಚಿಹ್ನೆಗಳೂ ಬದಲಾಗಬೇಕು; ಅವಳು ಮೊದಲ ಪದದ್ದನ್ನು ಮಾತ್ರ ಬದಲಿಸಿದಳು. ಹಿಂದಿನ ದಿನವೂ ಅದೇ ತಪ್ಪು ಮಾಡಿದ್ದಳು. ನನ್ನ ಬಲಗಿವಿಯ ಹಿಂದೆ ಬಿಸಿ ಏರಿದ್ದು ಸ್ಪಷ್ಟವಾಗಿ ತಿಳಿಯಿತು, ದವಡೆ ಬಿಗಿದದ್ದೂ ತಿಳಿಯಿತು. ಆದರೂ ದನಿ ಸ್ವಲ್ಪ ಏರಿತು. ಅವಳು ಪೆನ್ಸಿಲನ್ನು ಬಿಗಿಯಾಗಿ ಹಿಡಿದದ್ದು ನನಗೆ ಕಂಡಿತು, ಅಂದು ಕಾಣದೆ ಹೋದದ್ದು ಇಂದು ಕಂಡಿತು, ಮತ್ತು ನಾನು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ನೀರು ಕುಡಿದು ಬಂದೆ. ಅಧ್ಯಾಪಕಿಯವರು ಹೇಳಿದ ಎರಡನೆಯ ಅಂಕಿ ಆಗ ನೆನಪಾಯಿತು.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಬೇಸಿಗೆ ರಜೆ ಶುರುವಾಗಿದೆ, ಬೆಳಿಗ್ಗೆ ತಾನೂ ಜೊತೆಯಲ್ಲಿ ಕೂರುತ್ತೇನೆ ಎಂದು ಮಗಳೇ ಕೇಳಿದ್ದಾಳೆ. ಹದಿನಾಲ್ಕು ವರ್ಷದ ಹುಡುಗಿಗೆ ಎಷ್ಟು ಹೊತ್ತು, ಏನನ್ನು ಹೇಳಿಕೊಡಬಹುದು?


ಉತ್ತರ
ಬರೆದವರು: ಆಪ್ತಸಮಾಲೋಚಕಿ, ಬೆಂಗಳೂರು

ಮಕ್ಕಳಿಗೆ ಈ ಪರಂಪರೆಯಲ್ಲಿ ಆನಾಪಾನವನ್ನಷ್ಟೇ ಕಲಿಸುತ್ತಾರೆ, ಮೈಯ ಸಂವೇದನೆಗಳ ಅಭ್ಯಾಸಕ್ಕೆ ಕರೆದೊಯ್ಯುವುದಿಲ್ಲ. ನೀವೂ ಅಷ್ಟೇ ಮಾಡಿ. ಹತ್ತು ನಿಮಿಷ ಸಾಕು. ಉಸಿರು ಬಂದದ್ದು, ಹೋದದ್ದು ಎಲ್ಲಿ ತಾಕುತ್ತದೆ ಎಂದು ನೋಡು ಎನ್ನುವುದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಎಷ್ಟು ಸಲ ಮನಸ್ಸು ಓಡಿತು ಎಂದು ಆಮೇಲೆ ವಿಚಾರಿಸಬೇಡಿ, ಪಕ್ಕದಲ್ಲಿ ಅವಳು ಅಲುಗಾಡಿದರೆ ಕಣ್ಣು ತೆರೆದು ನೋಡಬೇಡಿ. ನಡುವೆ ಎದ್ದು ಹೋದರೆ ಹೋಗಲಿ, ಕರೆಯಬೇಡಿ. ಮರುದಿನ ತಾನಾಗಿ ಬಂದು ಕುಳಿತರೆ ಜಾಗ ಬಿಡಿ.